ಹಲ್ಲಿಗೆ ಬಾಲ ಬರುತ್ತೆ, ನಮಗೆ ಬೆರಳು ಯಾಕೆ ಬರಲ್ಲ?

ಪ್ರಶ್ನೆ: ಬಾಗಿಲಿಗೆ ಸಿಕ್ಕಿ ಉದುರಿದ ಹಲ್ಲಿಯ ಬಾಲ ಮತ್ತೆ ಬೆಳೆಯುತ್ತದೆ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕ ಬೆರಳು ಯಾಕೆ ಬೆಳೆಯುವುದಿಲ್ಲ? ಕೋಟೆಯ ಬಂಡೆಗಳ ಮೇಲಿನ ಓತಿಕ್ಯಾತಕ್ಕೂ ಬಾಲ ಬರುತ್ತದೆಯೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಹಲ್ಲಿಯ ಬಾಲದ ಮೂಳೆಮಣಿಗಳಲ್ಲಿ ಸಣ್ಣ ಸೀಳುಗಳಿರುತ್ತವೆ. ಸ್ನಾಯು ಬಿಗಿದಾಗ ಬಾಲ ಅಲ್ಲೇ ಕಳಚುತ್ತದೆ, ರಕ್ತವೂ ಹೆಚ್ಚು ಸೋರುವುದಿಲ್ಲ. ಗಾಯವನ್ನು ಚರ್ಮ ಮುಚ್ಚಿದ ಮೇಲೆ ಅದರಡಿ ಎಳೆಯ ಜೀವಕೋಶಗಳ ಗಡ್ಡೆಯೊಂದು ಕಟ್ಟಿಕೊಳ್ಳುತ್ತದೆ. ಇದೇ ಬ್ಲಾಸ್ಟೀಮಾ, ಹೊಸ ಬಾಲ ಹುಟ್ಟುವುದು ಇದರಿಂದ. ಆದರೆ ಹೊಸ ಬಾಲದೊಳಗೆ ಮೂಳೆಮಣಿಗಳಿಲ್ಲ, ಮೆದುಮೂಳೆಯ ಕೊಳವೆ ಮಾತ್ರ. ಸೀಳುಗಳಿಲ್ಲದ ಆ ಭಾಗ ಮತ್ತೆ ತಾನಾಗಿ ಕಳಚದು. ಮುಂದಿನ ಸಲ ಕಳಚಬೇಕಾದರೆ ಹಳೆಯ ಮಣಿಗಳಿರುವ ಬುಡದ ಕಡೆಗೇ. ಅದೇ ಹಲ್ಲಿಯ ಕಾಲು ತುಂಡಾದರೆ ಮೋಟಾಗಿಯೇ ಉಳಿಯುತ್ತದೆ! ಓತಿಕ್ಯಾತದ ಬಾಲದ ಮಣಿಗಳಲ್ಲಿ ಇಂಥ ಸೀಳುಗಳಿಲ್ಲ, ಹಲ್ಲಿಯ ಹಾಗೆ ಅದು ಬಾಲ ಕಳಚಿ ಬೆಳೆಸಿಕೊಳ್ಳಲಾರದು.

ನಮ್ಮ ಗಾಯದಲ್ಲಿ ಬ್ಲಾಸ್ಟೀಮಾ ಕಟ್ಟುವ ಮೊದಲೇ ಕೊಲಾಜನ್ ನಾರು ತುಂಬಿ ಕಲೆಯಾಗುತ್ತದೆ. ಮೆಕ್ಸಿಕೋದ ಆಕ್ಸೊಲಾಟಲ್ ಕಾಲನ್ನೇ ಮರಳಿ ಬೆಳೆಸುವ ಉಭಯವಾಸಿ ಜೀವಿ. ಗಾಯದ ಕಸ ನುಂಗುವ ಮ್ಯಾಕ್ರೊಫೇಜ್ ಕೋಶಗಳನ್ನು 2013ರ ಪ್ರಯೋಗವೊಂದರಲ್ಲಿ ತೆಗೆದಾಗ ಅದಕ್ಕೂ ಕಾಲು ಬರಲಿಲ್ಲ, ಕಲೆಯಷ್ಟೇ ಆಯಿತು. ರೋಗನಿರೋಧಕ ಕೋಶಗಳ ಪಾತ್ರ ಇಷ್ಟು ದೊಡ್ಡದು.

ನಮ್ಮಲ್ಲೂ ಒಂದು ಅಪವಾದವಿದೆ. ಕೊನೆಯ ಗೆಣ್ಣಿಗಿಂತ ಮುಂದಕ್ಕೆ ತುಂಡಾಗಿ, ಉಗುರಿನ ಬುಡ ಉಳಿದಿದ್ದರೆ ಮಕ್ಕಳ ಬೆರಳ ತುದಿ ಎಷ್ಟೋ ಸಲ ಮರಳಿ ಬೆಳೆಯುತ್ತದೆ. ಹೊಲಿಗೆ ಹಾಕಬೇಕೋ ಬೇಡವೋ ಎಂಬುದನ್ನು ವೈದ್ಯರೇ ನೋಡಿ ಹೇಳಬೇಕು. ಗಾಯಕ್ಕೆ ಅರಿಶಿನ, ಕಾಫಿಪುಡಿ ಮೆತ್ತಬೇಡಿ, ತೊಳೆಯುವುದು ಕಷ್ಟವಾಗುತ್ತದೆ. ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈ ಎತ್ತರಿಸಿ. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಆ ಕವರನ್ನು ಐಸಿನ ಮೇಲಿಡಿ. ಬೆರಳಿಗೆ ಐಸು ನೇರವಾಗಿ ತಾಗಿದರೆ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ, ಮತ್ತೆ ಜೋಡಿಸಲಾಗದು. ತಡಮಾಡದೆ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಗುದ್ದಲಿ ತಾಗಿ ಎರೆಹುಳು ಎರಡು ತುಂಡಾದರೆ ಎರಡು ಹುಳು ಆಗುತ್ತವೆಯೇ?
– ರೈತರೊಬ್ಬರು, ದಾವಣಗೆರೆ

ಉತ್ತರ: ಇಲ್ಲ. ತಲೆಯ ಕಡೆಯ ತುಂಡು ಸಾಕಷ್ಟು ಉದ್ದವಿದ್ದರೆ ಬಾಲ ಬೆಳೆಸಿಕೊಂಡು ಬದುಕಬಹುದು. ಬಾಲದ ತುಂಡು ಸಾಮಾನ್ಯವಾಗಿ ಸಾಯುತ್ತದೆ. ಎರೆಗೊಬ್ಬರದ ಗುಂಡಿಯಲ್ಲಿ ಹುಳು ತುಂಡಾಗದಿರಲು, ಗೊಬ್ಬರ ತೆಗೆಯುವ 3-4 ದಿನ ಮೊದಲು ನೀರು ನಿಲ್ಲಿಸಿ. ಮೇಲ್ಪದರ ಒಣಗಿ ಹುಳುಗಳು ಕೆಳಗಿಳಿಯುತ್ತವೆ. ಆಮೇಲೆ ಗುದ್ದಲಿ ಮುಟ್ಟದೆ, ಮೇಲಿನ ಗೊಬ್ಬರವನ್ನು ಕೈಯಿಂದಲೇ ಬಾಚಿಕೊಳ್ಳಿ.