'ಲೋಕಲ್' ದೋಷಕ್ಕೆ ನಾನೇಕೆ ಹೆದರಬೇಕು?

ಪ್ರಶ್ನೆ: ನಾನು ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಬಳಸುತ್ತೇನೆ. ದಿನದ ಕೆಲಸಕ್ಕೆಲ್ಲ ಸಾಮಾನ್ಯ ಖಾತೆಯೇ, ಎಲ್ಲ ಅಧಿಕಾರ ಇರುವ 'ರೂಟ್' ಖಾತೆಯ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಅಪ್‌ಡೇಟ್ ಬಂದಾಗ 'ಲೋಕಲ್ ಪ್ರಿವಿಲೇಜ್ ಎಸ್ಕಲೇಷನ್' (ಸಾಮಾನ್ಯ ಖಾತೆಯಿಂದ ರೂಟ್ ಅಧಿಕಾರಕ್ಕೆ ಏರಲು ಬಿಡುವ) ದೋಷ ಸರಿಪಡಿಸಿದ್ದೇವೆ ಅಂತ ಬರೆದಿರುತ್ತಾರೆ. ಲೋಕಲ್ ಅಂದರೆ ಕಂಪ್ಯೂಟರ್ ಮುಂದೆ ಕೂತವರು ಮಾತ್ರ ಮಾಡಬಹುದಾದದ್ದು ಅಲ್ವಾ? ಇದನ್ನು ಬಳಸುವವನು ನಾನೊಬ್ಬನೇ.

ಉತ್ತರ: ಅಲ್ಲ. ಈ 'ಲೋಕಲ್' ಅನ್ನುವ ಪದ ತುಂಬಾ ಜನರ ದಾರಿ ತಪ್ಪಿಸಿದೆ. ನಿಮ್ಮ ಖಾತೆಯ ಹೆಸರಲ್ಲಿ ಓಡುವ ಪ್ರತಿಯೊಂದು ಪ್ರೋಗ್ರಾಂ ಕೂಡ ಲೋಕಲ್ಲೇ. ಎಲ್ಲಿಂದಲೋ ಇಳಿಸಿಕೊಂಡ ಒಂದು ಸ್ಕ್ರಿಪ್ಟ್ ಕೆಟ್ಟದ್ದಾಗಿದ್ದರೆ ಅದು ನಿಮ್ಮ ಫೈಲ್‌ಗಳನ್ನು ಓದುತ್ತದೆ, ಅಳಿಸುತ್ತದೆ. ಅದೇ ದೊಡ್ಡ ನಷ್ಟ. ಆದರೆ ಇಂಥ ದೋಷವೊಂದು ಸಿಕ್ಕಿತೋ, ಅದು ರೂಟ್ ಆಗಿಬಿಡುತ್ತದೆ, ಆಮೇಲೆ ತನ್ನನ್ನು ಬಚ್ಚಿಟ್ಟುಕೊಂಡು ವರ್ಷಗಟ್ಟಲೆ ಅಲ್ಲೇ ಇರಬಹುದು.

ಪಾಸ್‌ವರ್ಡ್ ಇಲ್ಲದೆ ಅದು ಹೇಗೆ ಸಾಧ್ಯ ಅಂತೀರಾ? ನಿಮ್ಮ ಪಾಸ್‌ವರ್ಡನ್ನು ನೀವೇ ಬದಲಿಸುತ್ತೀರಲ್ಲ, ಅದನ್ನು ಬರೆದಿಡುವ ಫೈಲ್ ಮುಟ್ಟುವ ಹಕ್ಕು ರೂಟ್‌ಗೆ ಮಾತ್ರ ಇದೆ. ಹಾಗಾಗಿ ಪಾಸ್‌ವರ್ಡ್ ಬದಲಿಸುವ ಪ್ರೋಗ್ರಾಂಗೆ 'ಸೆಟ್‌ಯುಐಡಿ' ಗುರುತು ಹಾಕಿರುತ್ತಾರೆ. ಯಾರೇ ಓಡಿಸಲಿ, ಅದು ರೂಟ್ ಅಧಿಕಾರದಲ್ಲೇ ಓಡುತ್ತದೆ. ಇಂಥ ಪ್ರೋಗ್ರಾಂ ಒಳಗೆ ತಪ್ಪಿದ್ದರೆ ಮುಗಿಯಿತು. ಅನುಮತಿ ಇದ್ದವರಿಗೆ ರೂಟ್ ಅಧಿಕಾರದಲ್ಲಿ ಕೆಲಸ ಮಾಡಲು ಬಿಡುವ 'ಸುಡೊ' ಪ್ರೋಗ್ರಾಂ ಕೂಡ ಇದೇ ಜಾತಿಯದು. 2021ರ ಜನವರಿಯಲ್ಲಿ ಅದರಲ್ಲೊಂದು ದೋಷ ಬಯಲಾಯಿತು: ಕೊಟ್ಟ ಅಕ್ಷರಗಳ ಕೊನೆಯಲ್ಲಿ ಒಂದು ಬ್ಯಾಕ್‌ಸ್ಲ್ಯಾಶ್ (\) ಇದ್ದರೆ ಸುಡೊ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಮೆಮೊರಿಯಲ್ಲಿ ತನ್ನ ಜಾಗ ದಾಟಿ ಬರೆಯುತ್ತಾ ಹೋಗುತ್ತಿತ್ತು. ಸುಡೊ ಬಳಸಲು ಅನುಮತಿಯೇ ಇಲ್ಲದ ಖಾತೆಯಿಂದಲೂ, ಪಾಸ್‌ವರ್ಡ್ ಕೊಡದೆ, ರೂಟ್ ಆಗಬಹುದಿತ್ತು. ಆ ತಪ್ಪು ಸೇರಿಕೊಂಡದ್ದು 2011ರಲ್ಲಿ! ಅಷ್ಟು ವರ್ಷ, ಎಲ್ಲರೂ ಓದಬಹುದಾದ ಕೋಡ್‌ನಲ್ಲಿ.

ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೂ ಹೀಗೇ. 2016ರಲ್ಲಿ ಸಿಕ್ಕ 'ಡರ್ಟಿ ಕೌ' ದೋಷ 2007ರಿಂದಲೇ ಇತ್ತು. ಎರಡು ಕೆಲಸ ಒಟ್ಟಿಗೆ ನಡೆಯುವಾಗ ಕಣ್ಣು ಮಿಟುಕಿಸುವಷ್ಟೂ ಇಲ್ಲದ ಒಂದು ಸಂದಿಯಲ್ಲಿ, ಬರೆಯಲು ಹಕ್ಕಿಲ್ಲದ ಫೈಲ್‌ಗೂ ಬರೆಯಬಹುದಿತ್ತು.

ಸಾಮಾನ್ಯ ಖಾತೆ ಬಳಸುವುದನ್ನು ದಯವಿಟ್ಟು ಬಿಡಬೇಡಿ, ಅದು ಒಳ್ಳೆಯ ಅಭ್ಯಾಸ. ಆದರೆ ಸಾಮಾನ್ಯ ಖಾತೆಗೂ ರೂಟ್‌ಗೂ ನಡುವಿನ ಗೋಡೆಯಲ್ಲಿ ಬಿರುಕು ಬಿಟ್ಟಾಗ ಮುಚ್ಚುವುದು ಅಪ್‌ಡೇಟ್ ಮಾತ್ರ. ಇನ್ನೊಂದು ಮಾತು, ಇದನ್ನು ಜಾಸ್ತಿ ಜನ ಮರೆಯುತ್ತಾರೆ: ಕರ್ನಲ್ ಅಪ್‌ಡೇಟ್ ಇಳಿಸಿಕೊಂಡು ಸುಮ್ನೆ ಬಿಟ್ಟರೆ ಸಾಮಾನ್ಯವಾಗಿ ಹಳೆಯ ಕರ್ನಲ್ಲೇ ಓಡುತ್ತಿರುತ್ತದೆ. ಇವತ್ತೇ ಒಮ್ಮೆ ರೀಸ್ಟಾರ್ಟ್ ಮಾಡಿ.