ಮಗಳು ಪಸಡೀನಾದಲ್ಲಿ, ಕಾಡ್ಗಿಚ್ಚಿಗೆ ಏನು ಸಿದ್ಧತೆ? – ಪ್ರತಿಕ್ರಿಯೆ

ನಮಸ್ಕಾರ ಮೇಡಂ. ಮಗಳು ಅಮೆರಿಕದ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಮನೆ ಮಾಡುತ್ತಿದ್ದಾಳೆ, ಕಾಡ್ಗಿಚ್ಚು ಬಂದರೆ ಏನು ಗತಿ ಅಂತ ಕೇಳಿದ್ದೀರಿ. 2025ರ ಜನವರಿ 7ರ ಸಂಜೆ ಈಟನ್ ಅಂತ ಹೆಸರಾದ ಕಾಡ್ಗಿಚ್ಚು ಹತ್ತಿದಾಗ ನಾವು ಅದೇ ಊರಲ್ಲಿದ್ದೆವು.

ಬೆಂಕಿಗಿಂತ ಗಾಳಿಗೆ ಹೆದರಬೇಕು. ಅಲ್ಲಿ ಬೀಸುವ ಸಾಂಟಾ ಆನಾ ಎಂಬ ಒಣಗಾಳಿಗೆ ಕಿಡಿಗಳು ಎಲ್ಲೆಲ್ಲಿಗೋ ಹಾರುತ್ತವೆ. ಫೋನಿಗೆ 'ವಾರ್ನಿಂಗ್' ಬಂದರೆ ಸಿದ್ಧವಾಗಿರಿ ಅಂತ, 'ಆರ್ಡರ್' ಬಂದರೆ ಹೊರಡಿ ಅಂತ. ನಾನಾದರೆ ಆರ್ಡರಿಗೆ ಕಾಯುವುದಿಲ್ಲ. ಆ ರಾತ್ರಿ ಪಕ್ಕದ ಊರು ಆಲ್ಟಡೀನಾದ ಪಶ್ಚಿಮ ಭಾಗಕ್ಕೆ ಆರ್ಡರ್ ಬಂದದ್ದೇ ಬೆಳಗಿನ ಜಾವ 3 ಗಂಟೆ ಮೇಲೆ. ಅಷ್ಟರಲ್ಲಿ ಅಲ್ಲಿ ಮನೆಗಳು ಹೊತ್ತಿಕೊಂಡಿದ್ದವು.

ಕರೆಂಟ್ ಹೋದರೆ, ಬ್ಯಾಟರಿ ಬ್ಯಾಕಪ್ ಇಲ್ಲದ ಗ್ಯಾರೇಜ್ ಬಾಗಿಲು ಬಟನ್ನಿಗೆ ತೆರೆಯುವುದಿಲ್ಲ. ಮೇಲಿಂದ ಒಂದು ಹಗ್ಗ, ಸಾಮಾನ್ಯವಾಗಿ ಕೆಂಪು ಹಿಡಿಕೆ ಇರುವಂಥದ್ದು, ಜೋತಾಡುತ್ತಿರುತ್ತದೆ. ಅದನ್ನು ಎಳೆದು ಬಾಗಿಲನ್ನು ಕೈಯಲ್ಲೇ ಎತ್ತಬೇಕು. ಈಗಲೇ ಒಂದು ಸಲ ಮಾಡಿ ನೋಡಲಿ, ಭಾರ ಇರಬಹುದು. ಪಾಸ್‌ಪೋರ್ಟ್, ವೀಸಾ ಕಾಗದ, ಔಷಧಿ ಒಂದೇ ಚೀಲದಲ್ಲಿರಲಿ. ಬಾಡಿಗೆ ಮನೆಯಾದರೂ ಇನ್ಶೂರೆನ್ಸ್ ಮಾಡಿಸಲಿ.

ನಿಜವಾದ ತಲೆನೋವು ಆಮೇಲಿನದು. ಸ್ಕೂಲು ಬಂದ್. ಊರಿನ ಕೆಲವು ಕಡೆ ನಲ್ಲಿ ನೀರು ಕುಡಿಯಬೇಡಿ ಎಂದರು. ಕಾಯಿಸಿದರೂ ಪ್ರಯೋಜನವಿಲ್ಲ, ಭಯ ಇದ್ದದ್ದು ಕೆಮಿಕಲ್‌ನದು. ಅನ್ನಕ್ಕೂ ಬಾಟಲಿ ನೀರು! ಕಿಟಕಿ ಸಂದಿಯಲ್ಲೆಲ್ಲ ಬೂದಿ. ಅದನ್ನು ಸುಮ್ನೆ ಪೊರಕೆ ಹಿಡಿದು ಗುಡಿಸಬಾರದು. ಸುಟ್ಟ ಹಳೇ ಮನೆಗಳ ಸೀಸ, ಆಸ್ಬೆಸ್ಟಾಸ್ ಅದರಲ್ಲಿರಬಹುದು. ಎನ್‌95 ಮಾಸ್ಕ್, ಗ್ಲೌಸ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಕಾಡ್ಗಿಚ್ಚಿನ ಮಾಹಿತಿ ಕೊಡುವ 'ವಾಚ್ ಡ್ಯೂಟಿ' ಆ್ಯಪ್ ಹಾಕಿಕೊಳ್ಳಲಿ. ಮತ್ತೆ ನೀವು, ಅವಳು ಹೊರಡುವ ಹೊತ್ತಲ್ಲಿ ಮೇಲಿಂದ ಮೇಲೆ ಫೋನ್ ಮಾಡಬೇಡಿ. ಮೆಸೇಜ್ ಸಾಕು.