ಕೇಪ್‌ಟೌನಿನ ಎರಡು ಮುಂಜಿಗಳು

ನಿಮ್ಮ ಪತ್ರ ತಲುಪಿತು. ಯೆಹೂದಿ ಸಹೋದ್ಯೋಗಿಯೊಬ್ಬರು ಮಗುವಿನ ಸುನ್ನತಿ ಗುರುವಾರ ಬೆಳಿಗ್ಗೆ ಎಂದಷ್ಟೇ ತಿಳಿಸಿ ನಿಮ್ಮನ್ನು ಕರೆಯದೆ ಹೋದರೆಂದೂ, ದಕ್ಷಿಣ ಆಫ್ರಿಕಾದ ಕೋಸಾ ಜನಾಂಗದ ಸಹೋದ್ಯೋಗಿಯೊಬ್ಬರು ಮಗ ‘ಬೆಟ್ಟಕ್ಕೆ ಹೋಗಿದ್ದಾನೆ’ ಎಂದು ಹೇಳಿ ಮಾತು ನಿಲ್ಲಿಸಿದರೆಂದೂ ಬರೆದು, ಹೇಗೆ ನಡೆದುಕೊಳ್ಳಬೇಕೆಂದು ಕೇಳಿದ್ದೀರಿ. ನಮ್ಮ ಕಡೆ ಮುಂಜಿಯೆಂಬ ಒಂದೇ ಮಾತು ಜನಿವಾರಕ್ಕೂ ಸುನ್ನತಿಗೂ ಸಲ್ಲುವುದರಿಂದ ನಿಮಗೆ ಇದನ್ನು ವಿವರಿಸುವುದು ಸುಲಭ: ಯೆಹೂದಿಗಳದು ನಾಮಕರಣದೊಡನೆ ಕೂಡಿದ ಸುನ್ನತಿ, ಕೋಸಾ ಜನರದು ಉಪನಯನದಂಥದು.

ಯೆಹೂದಿಗಳು ದಿನ ತಿಳಿಸಿದರೆಂದರೆ ಅದೇ ಕರೆ. ಈ ಸಮಾರಂಭದ ಆಹ್ವಾನವನ್ನು ನಿರಾಕರಿಸಬಾರದೆಂಬ ನಂಬಿಕೆಯಿರುವುದರಿಂದ, ಯಾರನ್ನೂ ಧರ್ಮಸಂಕಟಕ್ಕೆ ಸಿಲುಕಿಸಬಾರದೆಂದು ಅನೇಕರು ‘ಬನ್ನಿ’ ಎನ್ನುವುದೇ ಇಲ್ಲ. ದೇವರು ಅಬ್ರಹಾಮನೊಡನೆ ಮಾಡಿಕೊಂಡ ಒಡಂಬಡಿಕೆಯ ಗುರುತಾದ ಇದನ್ನು ಹುಟ್ಟಿದ ದಿನವೂ ಸೇರಿ ಎಂಟನೆಯ ದಿನ ನಡೆಸುತ್ತಾರೆ. ಮಗುವಿಗೆ ಕಾಮಾಲೆಯಂಥ ಕಾಯಿಲೆಯಿದ್ದರೆ ಮುಂದೂಡುತ್ತಾರೆ. ಹಿರಿಯರೊಬ್ಬರು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ, ಪ್ರವಾದಿ ಎಲೀಯನಿಗೆಂದು ಒಂದು ಕುರ್ಚಿ ಮೀಸಲಿರುತ್ತದೆ, ಸುನ್ನತಿ ಮಾಡುವ ಮೊಹೇಲ್ ತನ್ನ ಕೆಲಸ ಮುಗಿಸಿದ ಮೇಲೆ ಮಗುವಿನ ಹೆಸರು ಸಾರಿ ತುಟಿಗೆ ದ್ರಾಕ್ಷಾರಸ ಸೋಕಿಸುತ್ತಾರೆ. ಊಟ ಮಾಡದೆ ಅಲ್ಲಿಂದ ಹೊರಡಬೇಡಿ; ಅದೂ ವಿಧಿಯ ಭಾಗವೇ.

ಕೋಸಾ ಜನರ ಉಲ್ವಲುಕೊ, ಅಂದರೆ ಬೆಳೆದ ಹುಡುಗನನ್ನು ಸುನ್ನತಿಯ ಮೂಲಕ ಗಂಡಸಾಗಿಸುವ ಸಂಸ್ಕಾರ, ಬೇರೆಯೇ ಬಗೆಯದು; ‘ಬೆಟ್ಟಕ್ಕೆ ಹೋಗುವುದು’ ಎಂದರೆ ಇದೇ. ಇಲ್ಲಿ ಹುಡುಗ ನೋವನ್ನು ಅರಿತೇ ತುಟಿಕಚ್ಚಿ ಸಹಿಸಬೇಕು. ಆ ಸಹನೆಯೇ ಸಂಸ್ಕಾರದ ಜೀವವಾದ್ದರಿಂದ, ಆಸ್ಪತ್ರೆಯಲ್ಲಿ ಮಾಡಿಸಿಕೊಂಡವನನ್ನು ಅನೇಕರು ಗಂಡಸೆಂದು ಒಪ್ಪುವುದಿಲ್ಲ. ಜೂನ್ ಇಲ್ಲವೆ ಡಿಸೆಂಬರ್ ರಜೆಯಲ್ಲಿ, ಹೆಚ್ಚಾಗಿ ಈಸ್ಟರ್ನ್ ಕೇಪ್ ಪ್ರಾಂತ್ಯದ ಹುಟ್ಟೂರ ಬಳಿ, ಹುಡುಗರು ಮೈಗೆ ಬಿಳಿ ಮಣ್ಣು ಬಳಿದುಕೊಂಡು, ಹೆಂಗಸರ ಕಣ್ಣಿಗೆ ಬೀಳದೆ ಗುಡಿಸಲಲ್ಲಿ ಕೆಲವು ವಾರ ಕಳೆದು, ಕೊನೆಗೆ ಆ ಗುಡಿಸಲಿಗೆ ಬೆಂಕಿಯಿಟ್ಟಾಗ ಹಿಂತಿರುಗಿ ನೋಡದೆ ಹೊರಟುಬರುತ್ತಾರೆ. ಮಂಡೇಲಾ ಅವರೂ 1934ರಲ್ಲಿ ಎಂಬಾಶೆ ನದಿಯ ದಂಡೆಯಲ್ಲಿ ಇದನ್ನು ಹಾದುಬಂದವರೇ.

ಆದರೆ ಕುಡಿಯಲು ನೀರು ಕೊಡದಿರುವುದರಿಂದಲೂ ಗಾಯ ಕೀವಾಗುವುದರಿಂದಲೂ ಹುಡುಗರು ಸಾಯುವ ಸುದ್ದಿ ಈ ರಜೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 16 ತುಂಬದವರನ್ನು ಸೇರಿಸಕೂಡದೆಂದು 2021ರ ಕಾಯಿದೆ ಹೇಳಿದರೂ ಕಳ್ಳ ಶಿಬಿರಗಳು ನಿಂತಿಲ್ಲ. ಸಂಪ್ರದಾಯವೆಂಬ ಕಾರಣಕ್ಕೆ ಈ ಸಾವುಗಳನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷವಾದರೂ ಸಾಧ್ಯವಾಗಿಲ್ಲ. ಹಾಗೆಂದು, ಮಗನನ್ನು ಕಳಿಸಿ ನಿದ್ದೆಗೆಟ್ಟಿರುವ ತಂದೆಯ ಮುಂದೆ ಆ ಮಾತೆತ್ತುವುದು ಸಲ್ಲದು. ಅಲ್ಲಿ ಏನಾಯಿತೆಂದು ಆಮೇಲೂ ಕೇಳಬೇಡಿ; ಹೊರಗಿನವರಿಗೆ ಅದನ್ನು ಹೇಳುವುದಿಲ್ಲ. ಹುಡುಗ ಮರಳಿದ ಮೇಲೆ ಮನೆಯಲ್ಲಿ ನಡೆಯುವ ಔತಣಕ್ಕೆ ಕರೆದರೆ ಒಂದು ಕಂಬಳಿ ತೆಗೆದುಕೊಂಡು ಹೋಗಿ. ಮಾತಿನ ಭರದಲ್ಲಿ ಅವನನ್ನು ‘ಹುಡುಗ’ ಎಂದುಬಿಟ್ಟೀರಿ. ಆ ದಿನದಿಂದ ಅದು ಅವನಿಗೆ ಬೈಗುಳ.